ನಲವತ್ತೆಂಟು ದಿನ ಗಾಬರಿ ಬಂದ್

ದಢೇಸುಗೂರಿನಿಂದ ಇನ್ನೂ ಕೆಳಗೆ, ಕಾಲುವೆ ನೀರು ಸುಸ್ತಾಗಿ, ಅಲ್ಲಲ್ಲಿ ಕೂತು ಎದ್ದು, ಒಲ್ಲದ ಮನಸ್ಸಿನಿಂದ ಬಂದು ಮುಟ್ಟುವ ಜಾಗದಲ್ಲಿ ನಮ್ಮೂರಿದೆ. ಸರ್ಕಾರಿ ಭಾಷೆಯಲ್ಲಿ ನಮಗೆ ಟೇಲ್ ಎಂಡ್ ಅನ್ನುತ್ತಾರೆ. ಕಾಲುವೆ ಎಮ್ಮೆ ಆದರೆ ನಾವು ಅದರ ಬಾಲ. ಮೇಲಿನ ಊರಿನವರು ಹಾಲು ಕರೆದುಕೊಳ್ಳುತ್ತಾರೆ, ನಮ್ಮ ಪಾಲಿಗೆ ಬರುವುದು ಬೀಸಿದಾಗಿನ ಗಾಳಿ. ಇಂಥ ಊರಲ್ಲಿ ಚಿಂತೆ ಮಾಡುವುದೂ ಒಕ್ಕಲುತನದ ಒಂದು ಭಾಗ. ಆ ಭಾಗದಲ್ಲಿ ನರಸಣ್ಣನಷ್ಟು ಭರ್ಜರಿ ಬೆಳೆ ತೆಗೆದವರು ಯಾರೂ ಇಲ್ಲ.

ಸಿಂಧನೂರಿಗೆ ಒಂಬತ್ತು ಗಂಟೆಗೆ ಬಸ್ಸಿದ್ದರೆ ನರಸಣ್ಣ ಏಳಕ್ಕೇ ಹೋಗಿ ನಿಲ್ಲುತ್ತಿದ್ದ. ಬಸ್ಸು ಬಾರದಿದ್ದರೆ ಹೇಗೆ ಅಂತ ಚಿಂತೆ. ಬಸ್ಸು ಬಂದರೆ ಬ್ರೇಕ್ ಇದೆಯೋ ಇಲ್ಲವೋ ಅಂತ ಚಿಂತೆ. ಬ್ರೇಕ್ ಹಾಕಿದರೆ, ಇಷ್ಟು ಜೋರು ಹಾಕಿದರೆ ನಾಳೆಗೆ ಉಳಿಯುತ್ತದೆಯೇ ಅಂತ ಚಿಂತೆ. ಹೋದ ಬೇಸಿಗೆ ಪೈರಿಗೆ ನೀರು ಬಿಟ್ಟಾಗ, ಮೇಲಿನ ಊರಿನವರು ಕದಿಯುತ್ತಾರೆ ಅಂತ ಗಾದಿ ಹೊತ್ತುಕೊಂಡು ಹೋಗಿ ತಿಂಗಳುಗಟ್ಟಲೆ ಕಾಲುವೆ ಏರಿಯ ಮೇಲೆ ಮಲಗಿದ್ದ. ಆ ಗಾದಿ ಅವನ ಹೆಂಡತಿ ಅಮರೇಶ್ವರಿ ತವರಿನಿಂದ ತಂದದ್ದು. ಕೆಂಪು ಬಟ್ಟೆ, ಎರಡು ಹಸಿರು ಗಿಳಿ, ಗಿಳಿಗಳ ಕೊಕ್ಕಿನ ನಡುವೆ ಹಳದಿ ದಾರದಲ್ಲಿ ಗಂಡ ಹೆಂಡತಿಯ ಹೆಸರು. ಯುಗಾದಿ ಹತ್ತಿರ ಬಂದಾಗ ಒಂದು ದಿನ ನರಸಣ್ಣ ಬರಿಗೈಲಿ ಮನೆಗೆ ಬಂದು, ಶ್ರೀಶೈಲಕ್ಕೆ ನಡೆದು ಹೊರಟಿದ್ದ ಪಾದಯಾತ್ರಿಗಳಿಗೆ ಗಾದಿ ದಾನ ಮಾಡಿದೆ ಅಂದ. ಅಮರೇಶ್ವರಿಗೆ ಹೊಟ್ಟೆ ಉರಿಯಿತು. ಆದರೆ ಶ್ರೀಶೈಲದ ಮಲ್ಲಯ್ಯನ ಹೆಸರು ಬಂದಮೇಲೆ ಉರಿದ ಹೊಟ್ಟೆಗೂ ಕೈ ಮುಗಿಯಬೇಕಲ್ಲ, ಮುಗಿದಳು.

ಜುಲೈನಲ್ಲಿ ಸಿಂಧನೂರಿನ ಡಾಕ್ಟರು ಅವನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಮುಳ್ಳು ಏರಿ ಮೇಲೆಯೇ ನಿಂತಿತು.

"ನಿಮಗ ಬಿಪಿ ಐತೋ, ಬಿಪಿಗೆ ನೀವು ಅದೀರೋ ತಿಳಿವಲ್ದು," ಅಂದರು ಡಾಕ್ಟರು. "ಗುಳಿಗಿ ಕೊಡ್ತೀನಿ. ಆದ್ರ ಗಾಬರಿ ಬಿಡಬೇಕು."

"ಗಾಬರಿ ಬಿಡಲಾರದಿದ್ರ ಏನಾಗ್ತದ್ರಿ?" ಅಂತ ನರಸಣ್ಣ ಗಾಬರಿಯಿಂದ ಕೇಳಿದ.

ಅದೇ ವಾರ ಅಮರೇಶ್ವರಿ ಅವನನ್ನು ಲಿಂಗಸುಗೂರಿನ ತನ್ನ ಅಕ್ಕನ ಮನೆಗೆ ಕರೆದೊಯ್ದಳು. ಪಕ್ಕದ ಮಠದಲ್ಲಿ ಪ್ರವಚನ ನಡೆದಿತ್ತು. ಪ್ರವಚನ ಹೇಳುವ ಶರಣರಿಗೆ ಮೈಕ್ ಬೇಕಿರಲಿಲ್ಲ, ಮೈಕಿಗೇ ಅವರು ಬೇಕಿತ್ತು. "ಏ ತಮ್ಮಾ," ಅಂದರು ಅವರು, ಸಾವಿರ ಜನರಲ್ಲಿ ನೇರವಾಗಿ ನರಸಣ್ಣನನ್ನೇ ನೋಡಿದ ಹಾಗೆ. "ಸಸಿ ಹಚ್ಚೋದು ನಿನ್ನ ಡ್ಯೂಟಿ. ಬೆಳಸೋದು ಅವನ ಡ್ಯೂಟಿ. ಅವನ ಡ್ಯೂಟ್ಯಾಗ ನೀ ಯಾಕ ಹಾಜರಿ ಹಾಕ್ತಿ? ನಿನ್ನ ಡ್ಯೂಟ್ಯಾಗ ಅವ ಎಂದರ ಬಂದು ಹಾಜರಿ ಕೇಳ್ಯಾನೇನು? ನಿನ್ನ ಕೆಲಸ ನೀ ಮಾಡು. ಉಳಿದದ್ದು ದೇವ್ರು ನೋಡ್ಕೊಂತಾನ."

ಜನ ನಕ್ಕರು. ನರಸಣ್ಣ ಮಾತ್ರ ಅತ್ತ. ಮರಳಿ ಬರುವಾಗ ಮಸ್ಕಿ ದಾಟುವಷ್ಟರಲ್ಲಿ ಬಸ್ಸಿನಲ್ಲೇ ವ್ರತ ಹಿಡಿದ: "ಒಂದು ಮಂಡಲ, ನಲವತ್ತೆಂಟು ದಿನ, ಗಾಬರಿ ಬಂದ್."

"ಅದರ ಜೋಡಿ ಬಾಯಿನೂ ಬಂದ್ ಮಾಡಿದ್ರ ಎರಡು ಪುಣ್ಯ," ಅಂದಳು ಅಮರೇಶ್ವರಿ.

ಮಾರನೆಯ ದಿನ ಸಸಿಮಡಿಗೆ ಭತ್ತ ಚೆಲ್ಲಿದ. ಹೀಗಾಗಿ ವ್ರತಕ್ಕೂ ಸಸಿಗೂ ಒಂದೇ ವಯಸ್ಸು.

ಕಾಲುವೆಗೆ ನೀರು ಬಿಟ್ಟಾಗಿದೆ ಅಂತ ಪೇಪರಿನಲ್ಲಿ ಬಂತು. ಪೇಪರು ನಮ್ಮೂರಿಗೆ ಬಂತು, ನೀರು ಬರಲಿಲ್ಲ. ಮಸ್ಕಿ ರಸ್ತೆಯ ಕೆಳಗೆ ಕಾಲುವೆ ಒಂದು ದೊಡ್ಡ ಪೈಪಿನೊಳಗೆ ನುಗ್ಗಿ ಈಚೆ ಬರುತ್ತದೆ. ಪೈಪಿನ ಈಚೆ ನಮ್ಮ ಕಡೆಗೆ ಆಡು ಉಚ್ಚೆ ಹೊಯ್ದಷ್ಟು ನೀರು. ಆಚೆಯವರೇ ಅಡ್ಡ ಕಟ್ಟಿ ಕದಿಯುತ್ತಾರೆ ಅಂತ ನಾವು. ಟೇಲ್ ಎಂಡಿನವರಿಗೆ ಅಳುವುದೇ ಅಭ್ಯಾಸ ಅಂತ ಆಚೆಯವರು. ಬಿಟ್ಟದ್ದು ಬಿಟ್ಟಾಗಿದೆ ಅಂತ ಆಫೀಸು. ಪೈಪಿನ ಬಾಯಿಗೆ ಆಳುದ್ದ ಜೊಂಡು ಬೆಳೆದಿತ್ತು. ಹಾವು ಇರುತ್ತವೆ ಅಂತ ಮೂರೂ ಕಡೆಯವರು ಇಳಿದು ನೋಡಿರಲಿಲ್ಲ.

ಊರಿನ ಗಂಡಸರೆಲ್ಲ ಇದ್ದ 'ಕಾಲುವೆ ನೀರು' ಎಂಬ ವಾಟ್ಸಾಪ್ ಗುಂಪಿನಲ್ಲಿ ಕೂಗಾಟ ಶುರುವಾಯಿತು. ಹೋದ ವರ್ಷ ಆ ಗುಂಪಿನಲ್ಲಿ ದಿನಕ್ಕೆ ಅರವತ್ತು ಸಲ "ನೀರು ಬಂತಾ" ಅಂತ ಕೇಳಿದವನು ನರಸಣ್ಣ. ಈ ವರ್ಷ ಅವನು ಮಾಡಿದ ಕೆಲಸ ಒಂದೇ. ಗುಂಪು ಬಿಟ್ಟ.

ಪಕ್ಕದ ಹೊಲದ ಯಮನೂರ ಚಪ್ಪಲಿ ಮೆಟ್ಟಿಕೊಳ್ಳದೆಯೇ ಅವನ ಮನೆಗೆ ಬಂದ. ನರಸಣ್ಣ ಕಟ್ಟೆಯ ಮೇಲೆ ಕೂತು ಹೊರಸು ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದ.

"ಗ್ರೂಪ್ ಯಾಕ ಬಿಟ್ಟಿ?"

"ಫೋನ್ ಬಿಸಿ ಆಗ್ತಿತ್ತು."

"ನೀರು ಬಂದಿಲ್ಲಲೇ."

"ಬರ್ತದ."

"ಯಾವಾಗ?"

"ಬರೋ ಹೊತ್ತಿಗೆ."

"ಯಾರು ಹೇಳ್ಯಾರ?"

"ಯಾರ್ ಹೇಳಬೇಕು? ದೇವ್ರು ನೋಡ್ಕೊಂತಾನ."

ಯಮನೂರ ಅವನ ಮುಖವನ್ನು ಬಾಡಿಗೆ ಮನೆ ನೋಡಿದ ಹಾಗೆ ಮೂಲೆ ಮೂಲೆ ನೋಡಿದ. ಎಲ್ಲೂ ಗಾಬರಿ ಸಿಗಲಿಲ್ಲ. ಬಲಗಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು. ಆ ಕಾಲಿಗೆ ಲಿಂಗಸುಗೂರಿನ ಪ್ರವಚನ ಇನ್ನೂ ಮುಟ್ಟಿರಲಿಲ್ಲ. ಯಮನೂರ ಕಾಲು ನೋಡಲಿಲ್ಲ. ಕಾಲುವೆ ಸೀಮೆಯಲ್ಲಿ ಒಂದು ನಿಯಮವಿದೆ: ನೀರಿಲ್ಲದಾಗ ಕೂಗಾಡುವವನಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಕೂತವನಿಗೆ ಆಫೀಸಿನಲ್ಲಿ ಯಾರೋ ಗೊತ್ತಿದ್ದಾರೆ. ಯಮನೂರ ನೇರ ಚಹಾದಂಗಡಿಗೆ ಹೋಗಿ ಹೇಳಿದ: "ನರಸಣ್ಣಗ ಖಬರ್ ಐತಿ. ಅಂವ ಬಾಯಿ ಬಿಡವಲ್ಲ."

ಇಷ್ಟಕ್ಕೇ ನಿಂತಿದ್ದರೆ ಅದು ಸುದ್ದಿಯಾಗಿ ಸಾಯುತ್ತಿತ್ತು. ಆದರೆ ಸಂತೆಯ ದಿನ ನರಸಣ್ಣ ಮಸ್ಕಿಗೆ ಹೋಗಿ ಗದ್ದೆಮ್ಮನಿಗೆ ಎಲೆ ಅಡಿಕೆ ಕೊಟ್ಟುಬಿಟ್ಟ.

ಗದ್ದೆಮ್ಮ ಸಂತೆಕಲ್ಲೂರಿನವಳು. ಅವಳ ಊರು ಜೋಳ ತೊಗರಿಯ ಒಣ ಸೀಮೆ, ಗದ್ದೆ ಇರುವುದು ಹೆಸರಿನಲ್ಲಿ ಮಾತ್ರ. ನಾಟಿಯ ಕಾಲಕ್ಕೆ ಇಪ್ಪತ್ತು ಹೆಂಗಸರ ಗುಂಪು ಕಟ್ಟಿಕೊಂಡು ಕಾಲುವೆಯ ಊರುಗಳಿಗೆ ಬರುತ್ತಾಳೆ. ಅವಳ ಕೈಗೆ ಎಲೆ ಕೊಟ್ಟು ವಾರ ಹೇಳಿದರೆ ಮುಗಿಯಿತು, ಆ ದಿನ ನಿಮ್ಮದು, ಹಿಂದಕ್ಕೆ ತೆಗೆಯುವಂತಿಲ್ಲ. ಅದಕ್ಕೇ ಹೊಲದಲ್ಲಿ ಕಾಲಿನ ಮೀನಖಂಡದವರೆಗೆ ನೀರು ನಿಲ್ಲುವ ತನಕ ನಮ್ಮಲ್ಲಿ ಯಾರೂ ಎಲೆ ಕೊಡುವುದಿಲ್ಲ. ಒಣ ಕಾಲುವೆಯ ಕಾಲದಲ್ಲಿ ಎಲೆ ಕೊಡುವುದೆಂದರೆ ಹೆಣ್ಣು ನೋಡುವ ಮೊದಲೇ ಬೀಗರೂಟ ಹಾಕಿಸಿದ ಹಾಗೆ. ನರಸಣ್ಣನ ಲೆಕ್ಕವೇ ಬೇರೆ. ನಾಟಿ ಮಾಡಿಸುವುದು ತನ್ನ ಡ್ಯೂಟಿ, ನೀರು ತರುವುದು ಅವನ ಡ್ಯೂಟಿ.

"ಹೊಲದಾಗ ನೀರು ಎಷ್ಟೈತಿ?" ಅಂದಳು ಗದ್ದೆಮ್ಮ, ಬದನೆಕಾಯಿ ಒತ್ತಿ ನೋಡುತ್ತ.

"ಬರ್ತದ ಬೇ."

"ನಾ ಕೇಳಿದ್ದು ಎಷ್ಟೈತಿ ಅಂತ."

"ನಾ ಹೇಳಿದ್ದು ಬರ್ತದ ಅಂತ."

ಗದ್ದೆಮ್ಮ ಬದನೆಕಾಯಿ ಬಿಟ್ಟು ಅವನನ್ನು ನೋಡಿದಳು. ಹದಿನೈದು ವರ್ಷದಿಂದ ಬಲ್ಲಳು. ನಾಟಿಯ ಹಿಂದಿನ ದಿನ ನಲವತ್ತು ಸಲ ಫೋನ್ ಮಾಡಿ "ಬರ್ತೀರಲ್ಲ, ಬರ್ತೀರಲ್ಲ" ಅಂತ ಅಳುತ್ತಿದ್ದ ಮನುಷ್ಯ ಇವತ್ತು ಮಠದ ಕಂಬದ ಹಾಗೆ ನಿಂತಿದ್ದ.

"ಯಾವ ವಾರ ಹಾಕ್ಲಿ?"

ಅದನ್ನು ಅವನು ಯೋಚಿಸಿರಲಿಲ್ಲ. ಯೋಚಿಸಿದರೆ ವ್ರತ ಕೆಡುತ್ತದೆ. ಬಾಯಿಗೆ ಬಂದದ್ದು ಶಿವನ ವಾರ. "ಬರೋ ಸೋಮವಾರ."

ಗದ್ದೆಮ್ಮ ಎಲೆಯನ್ನು ಸೆರಗಿಗೆ ಕಟ್ಟಿದಳು. ಆ ಗಂಟು ಸಂತೆಯಲ್ಲಿದ್ದ ನಮ್ಮೂರಿನ ಎಂಟು ಮಂದಿ ನೋಡಿದರು. ಅವರಲ್ಲಿ ಯಮನೂರನೂ ಇದ್ದ. ನರಸಣ್ಣ ಬಸ್ ಹತ್ತುವ ಮೊದಲೇ ಮಂಗಳವಾರ ಯಮನೂರನದಾಗಿತ್ತು. ಸಂಜೆಯ ಹೊತ್ತಿಗೆ ಬುಧವಾರ, ಗುರುವಾರ, ಶುಕ್ರವಾರ ಹೋದವು. ಮರುದಿನ ಪಾಮನಕಲ್ಲೂರಿನಿಂದ ಬರುವ ಇನ್ನೊಂದು ಗುಂಪಿಗೂ ಎಲೆ ಬಿತ್ತು. ಮಸ್ಕಿಯಲ್ಲಿ ವೀಳ್ಯದೆಲೆ ತುಟ್ಟಿಯಾಯಿತು ಅಂದರೆ ನೀವು ನಂಬಬೇಕಿಲ್ಲ, ಮಾರುವವರು ನಂಬಿದರು.

ಈ ಹೊತ್ತಿಗೆ ದೇವರ ಡ್ಯೂಟಿಯನ್ನು ಪೂರ್ತಿಯಾಗಿ ಮಾಡುತ್ತಿದ್ದವಳು ಅಮರೇಶ್ವರಿ. ದಿನಾ ಬೋರಿನಿಂದ ಕೊಡ ಹೊತ್ತು ಸಸಿಮಡಿಗೆ ಹಾಕುತ್ತಿದ್ದಳು.

"ನೋಡು, ಸಸಿ ಹೆಂಗ ಹಸಿರದಾವ," ಅಂದ ನರಸಣ್ಣ ಕಟ್ಟೆಯಿಂದ. "ದೇವ್ರು ನೋಡ್ಕೊಳ್ಳಾಕತ್ತಾನ."

"ಹೌದು. ಕುಂತು ನೋಡಾಕತ್ತಾನ, ನಿನ್ನಂಗ. ಹೊರಾಕತ್ತಾಕಿ ನಾನು," ಅಂದಳು ಅವಳು. "ನಿನ್ನ ಡ್ಯೂಟಿ ಯಾವುದು ಅಂತ ಆ ಶರಣರಿಗೆ ಇನ್ನೊಮ್ಮೆ ಸರಿಯಾಗಿ ಕೇಳ್ಕೊಂಡು ಬಾ. ಒಂದು ಕೊಡ ಅದರಾಗ ಬರ್ತದೇನೋ."

ಅವತ್ತಿನಿಂದ ಅವನೂ ಕೊಡ ಹೊತ್ತ. ಆದರೆ ಕೊಡದ ನೀರಿನಲ್ಲಿ ಸಸಿ ಬದುಕೀತು, ನಾಟಿ ಆಗದು. ಮೂವತ್ತೈದು ನಲವತ್ತು ದಿನ ದಾಟಿದರೆ ಸಸಿಗೆ ಗೆಣ್ಣು ಬರುತ್ತದೆ. ಆಮೇಲೆ ಅದು ದನದ ಮೇವು, ಆ ವರ್ಷದ ಊಟವೂ ದನದ ಪಾಲು.

ಶನಿವಾರ ಜೀಪು ಬಂತು. ಇಳಿದವರು ಕಾಲುವೆ ಆಫೀಸಿನ ಎಂಜಿನಿಯರು ಕನಕರಾಯ. ಹದಿಮೂರು ವರ್ಷದ ಸರ್ಕಾರಿ ಸೇವೆಯಲ್ಲಿ ಅವರ ಕನ್ನಡವೆಲ್ಲ ಹೋಗಿ 'ಸದರಿ' ಒಂದು ಉಳಿದಿತ್ತು. ಟೇಲ್ ಎಂಡಿನ ಒಂದಿಡೀ ಊರು ಸೋಮವಾರದಿಂದ ನಾಟಿ ಇಟ್ಟುಕೊಂಡಿದೆ, ಆದರೆ ಸೋಮವಾರ ನೀರು ಬಿಡುವ ವಿಷಯ ಆಫೀಸಿಗೇ ಗೊತ್ತಿಲ್ಲ. ಇಂಥ ಸ್ಥಿತಿಯಲ್ಲಿ ಯಾವ ಅಧಿಕಾರಿಗೂ ನಿದ್ದೆ ಬರುವುದಿಲ್ಲ.

"ಸದರಿ ನೀರು ಸೋಮವಾರ ಬರುತ್ತದೆಂದು ಸದರಿ ತಮಗೆ ಯಾರು ತಿಳಿಸಿದರು?"

"ಯಾರೂ ಇಲ್ರಿ ಸಾಹೇಬ್ರ. ಕುಂದರ್ರಿ. ಚಾ ಕುಡೀರಿ."

ಕನಕರಾಯರಿಗೆ ಬೆವರು ಬಂತು. ಕೂಗಾಡುವ ರೈತ, ಧರಣಿ ಕೂರುವ ರೈತ, ವಿಷದ ಬಾಟಲಿ ತೋರಿಸುವ ರೈತ, ಎಲ್ಲರನ್ನೂ ಅವರು ಬಲ್ಲರು. ಚಹಾ ಕೊಡುವ ರೈತನನ್ನು ಕಂಡಿರಲಿಲ್ಲ.

"ಮತ್ತೆ ಯಾವ ಧೈರ್ಯದ ಮೇಲೆ ಸದರಿ ಎಲೆ ಕೊಟ್ಟಿರಿ?"

"ದೇವರ ಧೈರ್ಯದ ಮ್ಯಾಲ್ರಿ. ಅಂವ ನೋಡ್ಕೊಂತಾನ."

ಎಂಜಿನಿಯರು ದನಿ ತಗ್ಗಿಸಿದರು. "ನನಗೆ ಮಾತ್ರ ಹೇಳಿ. ಸದರಿಯವರು ಜಿಲ್ಲಾ ಮಟ್ಟದವರಾ, ರಾಜ್ಯ ಮಟ್ಟದವರಾ?"

"ಎಲ್ಲಾ ಕಡೆ ಅದಾನ್ರಿ."

ಕನಕರಾಯರು ಅರ್ಧ ಚಹಾ ಬಿಟ್ಟು ಎದ್ದರು. ಜೀಪಿನ ಹತ್ತಿರ ಟ್ರ್ಯಾಕ್ಟರ್ ಒರೆಸುತ್ತ ನಿಂತಿದ್ದ ಇಸ್ಮಾಯಿಲ್‌ಸಾಬ್ ಸಲಾಂ ಮಾಡಿದ. ಇಸ್ಮಾಯಿಲ್‌ಸಾಬ್ ನರಸಣ್ಣನ ಬಾಲ್ಯದ ಗೆಳೆಯ. ಊರಿನ ಅರ್ಧ ಹೊಲ ಅವನ ಟ್ರ್ಯಾಕ್ಟರಿನಿಂದಲೇ ಕೆಸರಾಗುವುದು.

"ಸದರಿ ಮನುಷ್ಯನಿಗೆ ಬೆನ್ನ ಹಿಂದೆ ಯಾರಿದ್ದಾರೆ?" ಅಂತ ಕೇಳಿದರು ಸಾಹೇಬರು.

"ಬೆನ್ನ ಹಿಂದೆ? ಗೋಡಿ ಐತ್ರಿ ಸಾಬ್. ಅದಕ್ಕ ಆನಕೊಂಡು ಕುಂತಾನ," ಅಂದ ಇಸ್ಮಾಯಿಲ್‌ಸಾಬ್.

ಇವರೆಲ್ಲ ಕೂಡಿ ಮುಚ್ಚಿಡುತ್ತಿದ್ದಾರೆ ಅಂತ ಕನಕರಾಯರಿಗೆ ಖಾತ್ರಿಯಾಯಿತು. ಜೀಪು ಹತ್ತುತ್ತ ಎಲ್ಲರಿಗೂ ಕೇಳುವ ಹಾಗೆ ಸಾರಿದರು: "ಸೋಮವಾರ ಸದರಿ ಕಾಲುವೆಯನ್ನು ನಾನೇ ಖುದ್ದಾಗಿ, ನಡೆದು, ಪರಿಶೀಲಿಸುತ್ತೇನೆ."

ಸೋಮವಾರ ಬೆಳಿಗ್ಗೆ ಏಳಕ್ಕೆ ಶಾಕೀರ್‌ನ ಬಾಡಿಗೆ ಟಂಟಂ ಆಟೋ ಎರಡು ಸಲ ತಿರುಗಿ ಇಪ್ಪತ್ತು ಹೆಂಗಸರನ್ನು ಇಳಿಸಿತು. ಹೊಲ ಹಪ್ಪಳದ ಹಾಗೆ ಒಣಗಿ ಬಿರಿದಿತ್ತು. ಗದ್ದೆಮ್ಮ ಬದುವಿನ ಮೇಲೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಇಪ್ಪತ್ತು ಮಂದಿ ಸೊಂಟಾ ಬಗ್ಗಸಾಕ ಬಂದೇವಿ ನರಸಣ್ಣ. ಎದರಾಗ ಬಗ್ಗಸಬೇಕು, ಜರಾ ತೋರಸು."

"ಇನ್ನೂ ಹೊತ್ತೈತಿ ಬೇ."

"ಸಸಿಗೆ ಎಷ್ಟು ದಿನ ಆತು?"

"ಮೂವತ್ತನಾಕು."

ಅವಳು ಒಂದು ಸಸಿ ಕಿತ್ತು ಉಗುರಿನಿಂದ ಸೀಳಿ ನೋಡಿದಳು. "ಇನ್ನು ನಾಕು ದಿನ. ಆಮ್ಯಾಲ ನಿನ್ನ ಎಮ್ಮಿಗೆ ಹಬ್ಬ."

ಯಮನೂರ ಬಂದ. ಅವನ ಹಿಂದೆ ಎಲೆ ಕೊಟ್ಟ ಅಷ್ಟೂ ಜನ ಬಂದರು. ಎಲ್ಲರೂ ನರಸಣ್ಣನನ್ನೇ ನೋಡುತ್ತ ನಿಂತರು, ಅವನ ಜೇಬಿನಿಂದ ಈಗ ಕಾಲುವೆ ಹೊರಬರುತ್ತದೆ ಎಂಬಂತೆ. ನರಸಣ್ಣ ಬಿಪಿ ಗುಳಿಗೆ ನುಂಗಿದ. ಸ್ವಲ್ಪ ಹೊತ್ತಿಗೆ, ನುಂಗಿದ್ದು ಮರೆತು, ಇನ್ನೊಂದು ನುಂಗಿದ. ಬಲಗಾಲು ಈಗ ಹೊಲಿಗೆ ಮಶಿನ್ನಿನ ವೇಗದಲ್ಲಿತ್ತು.

ಎಂಟೂವರೆಗೆ ಕನಕರಾಯರು ಬಂದು, ಕೊಟ್ಟ ಮಾತಿನಂತೆ ಖುದ್ದಾಗಿ ನಡೆದರು. ಅವರ ಹಿಂದೆ ಊರು, ಊರಿನ ಹಿಂದೆ ಗದ್ದೆಮ್ಮನ ಗುಂಪು, ಕೊನೆಗೆ ಇಸ್ಮಾಯಿಲ್‌ಸಾಬನ ಟ್ರ್ಯಾಕ್ಟರ್. ಒಣ ಕಾಲುವೆ ಹಿಡಿದು ಮಸ್ಕಿ ರಸ್ತೆಗೆ ಹತ್ತಿ ಆಚೆ ನೋಡಿದರೆ ನೀರು ಏರಿಯ ಅಂಚಿಗೆ ಬಂದು ಹಳ್ಳಕ್ಕೆ ಚೆಲ್ಲುತ್ತಿತ್ತು. ಅಡ್ಡ ಯಾರೂ ಕಟ್ಟಿರಲಿಲ್ಲ. ಮೇಲಿನ ಊರಿನ ಒಬ್ಬ ರೈತ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

"ಇಷ್ಟು ನೀರು ನಿಂತೈತಿ, ಒಂದು ಮಾತು ಹೇಳಬಾರದೇನು?" ಅಂದ ಯಮನೂರ.

"ದೇವ್ರು ಕೊಟ್ಟ ಅಂತ ಸುಮ್ಮನಿದ್ವಿ," ಅಂದ ಅವನು.

ಜೊಂಡು ಕೊಯ್ದು ಬೊಂಬು ಇಳಿಸಿದರು. ಪೈಪಿನೊಳಗೆ ಏನೋ ಮೆತ್ತಗಿನದು ತಗಲಿತು. ಎಮ್ಮೆ ಸತ್ತಿದೆ ಅಂದ ಒಬ್ಬ. ಮೊಸಳೆ ಇರಬೇಕು ಅಂದ ಇನ್ನೊಬ್ಬ, ಮೊಸಳೆ ಎಂದೂ ನೋಡದವನು. ಇಸ್ಮಾಯಿಲ್‌ಸಾಬ್ ಕೊಕ್ಕೆಗೆ ಹಗ್ಗ ಕಟ್ಟಿ ಒಳಗೆ ಸಿಕ್ಕಿಸಿ ಟ್ರ್ಯಾಕ್ಟರಿನಿಂದ ಎಳೆದ. ಪೈಪು ಒಮ್ಮೆ ತೇಗಿತು. ಆನೆ ಮರಿಯಷ್ಟು ದಪ್ಪ ಉಬ್ಬಿದ ಕೆಸರಿನ ಮುದ್ದೆಯೊಂದು ಹೊರಬಂದು ರಸ್ತೆಯ ಮೇಲೆ ಬಿತ್ತು. ಹಿಂದೆಯೇ ನೀರು ಗುಡುಗಿ ನಮ್ಮ ಕಡೆಗೆ ನುಗ್ಗಿತು.

ಜನ ಕೂಗುವುದರಲ್ಲಿದ್ದರು. ಅಷ್ಟರಲ್ಲಿ ಗದ್ದೆಮ್ಮ ಒಂದು ಕೊಡ ನೀರು ಮುದ್ದೆಯ ಮೇಲೆ ಸುರಿದಳು. ಕೆಸರು ಇಳಿಯಿತು. ಕೆಂಪು ಬಟ್ಟೆ. ಒಂದು ಹಸಿರು ಗಿಳಿ. ಇನ್ನೊಂದು ಕೊಡ ಸುರಿದಳು. ಇನ್ನೊಂದು ಗಿಳಿ. ನಡುವೆ ಹಳದಿ ದಾರದಲ್ಲಿ, ನೀರಲ್ಲಿ ಐದು ತಿಂಗಳು ಇದ್ದರೂ ಬಣ್ಣ ಬಿಡದ ಎರಡು ಹೆಸರು.

ಯಮನೂರ ಗಟ್ಟಿಯಾಗಿ ಓದಿದ. ಓದುವ ಅಗತ್ಯ ಇರಲಿಲ್ಲ.

ಅಮರೇಶ್ವರಿ ಗಂಡನ ಕಡೆ ತಿರುಗಿದಳು. "ಶ್ರೀಶೈಲಕ್ಕ ಹೋಗಿದ್ದ ಗಾದಿ ಇಲ್ಲಿಗೆ ಯಾಕ ಬಂತು?"

"ದರ್ಶನ ಮುಗಿಸಿ ವಾಪಸ್ ಬಂದೈತಿ ತಂಗೀ," ಅಂದ ಇಸ್ಮಾಯಿಲ್‌ಸಾಬ್.

ಕನಕರಾಯರ ಮುಖಕ್ಕೆ ಮೂರು ದಿನದ ಮೇಲೆ ರಕ್ತ ಬಂತು. ಜೇಬಿನಿಂದ ಪೆನ್ನು ತೆಗೆದರು. "ಸದರಿ ಗಾದಿ ಯಾರದು? ಸರ್ಕಾರಿ ಕಾಲುವೆಗೆ ಅಡೆತಡೆ ಅಂದರೆ ಕೇಸು."

ಒಂದು ಕ್ಷಣ ಎಲ್ಲರಿಗೂ ಹಳೇ ನರಸಣ್ಣ ಕಾಣಿಸಿದ. ಕಣ್ಣು ಹೊರಳಿದವು, ಕೈ ಜೇಬಿನ ಗುಳಿಗೆಗೆ ಹೋಯಿತು. ಆಮೇಲೆ ಕೈ ಬರಿದೇ ಹೊರಬಂತು.

"ನಂದ್ರಿ," ಅಂದ. "ಯುಗಾದಿ ಮುಂದ, ಹೋದ ಪೀಕಿಗೆ ನೀರು ಕಾಯಾಕ ಇದೇ ಏರಿ ಮ್ಯಾಲ ಮಲಗಿದ್ದೆ. ಚಿಂತಿಗೆ ನಿದ್ದಿ ಬರವಲ್ದು, ಹೊರಳಾಡಿದೆ. ನಾ ಈ ಕಡೆ ಬಿದ್ದೆ, ಗಾದಿ ಆ ಕಡೆ ಕಾಲುವ್ಯಾಗ ಬಿದ್ದು ಹರಕೊಂಡು ಹೋತು. ಹೆಂಡ್ತಿಗೆ ಅಂಜಿ ಮಲ್ಲಯ್ಯನ ಹೆಸರು ಹೇಳಿದೆ. ಅದು ಇಲ್ಲಿ ಕುಂತೈತಿ ಅಂತ ದೇವರಾಣಿ ಗೊತ್ತಿದ್ದಿಲ್ಲ."

"ಹಂಗಾರ ನಿನಗ ಆಫೀಸಿನ ಖಬರ್?" ಅಂದ ಯಮನೂರ.

"ಏನೂ ಇದ್ದಿಲ್ಲ."

"ಮತ್ತ ಸೋಮವಾರ?"

"ಬಾಯಿಗೆ ಬಂತು."

"ಮತ್ತ ಎಲಿ ಯಾಕ ಕೊಟ್ಟಿಲೇ?"

"ಹೇಳಿದ್ನಲ್ಲ, ದೇವ್ರು ನೋಡ್ಕೊಂತಾನ ಅಂತ."

ಮೂವತ್ತನಾಲ್ಕು ದಿನದಿಂದ ಅವನು ಹೇಳುತ್ತಿದ್ದದ್ದು ಅದೊಂದೇ ಮಾತು. ಊರಿಗೆ ಅದು ಕೇಳಿಸಿದ್ದು ಅವತ್ತೇ ಮೊದಲು. ಯಮನೂರ ತಲೆಯ ಟವೆಲ್ ತೆಗೆದು ಮತ್ತೆ ಸುತ್ತಿಕೊಂಡ, ಬೇರೆ ಏನು ಮಾಡಬೇಕೋ ತಿಳಿಯದೆ.

"ನೀರಿಗೆ ಅಲ್ಲಾನೇ ಮಾಲಿಕ್. ಗಾದಿಗೆ ಮಾಲಿಕ್ ಸಿಕ್ಕಾನ. ಇನ್ನೇನ್ರಿ ಸಾಬ್, ಕೇಸ್ ಖತಂ," ಅಂದ ಇಸ್ಮಾಯಿಲ್‌ಸಾಬ್.

ಕನಕರಾಯರು ಆಗಲೇ ಬರೆಯತೊಡಗಿದ್ದರು. "ಸದರಿ ಗಾದಿಯು ಮಾರ್ಚ್ ತಿಂಗಳಿಂದ ಸದರಿ ಪೈಪಿನಲ್ಲಿ..."

"ಬರೀರಿ ಸಾಹೇಬ್ರ," ಅಂತ ಅಮರೇಶ್ವರಿ ಮುಂದೆ ಬಂದಳು. "ಮಾರ್ಚಿನಿಂದ ಇತ್ತು ಅಂತ ಬರೀರಿ. ಬ್ಯಾಸಿಗ್ಯಾಗ ಕಾಲುವಿ ಪೂರಾ ಸಾಫ್ ಮಾಡಸೀವಿ ಅಂತ ಅಲ್ಲಿ ಬೋರ್ಡ್ ನಿಲ್ಲಿಸೀರಲ್ಲ, ಅದನ್ನೂ ಅದರ ಕೆಳಗ ಬರೀರಿ."

ಪೆನ್ನು ನಿಂತಿತು. ಸಾಹೇಬರು ಬೋರ್ಡನ್ನು ನೋಡಿದರು. ಗಾದಿಯನ್ನು ನೋಡಿದರು. "ಸದರಿ ವಸ್ತುವನ್ನು ಕಸ ಎಂದು ಪರಿಗಣಿಸಿ..."

"ನನ್ನ ತವರುಮನಿ ಗಾದಿ ಕಸ ಅಂತೀರಾ?"

"ಇಲ್ಲ ತಾಯಿ," ಅಂದರು ಕನಕರಾಯರು, ಹದಿಮೂರು ವರ್ಷದಲ್ಲಿ ಮೊದಲ ಸಲ ಸದರಿ ಇಲ್ಲದೆ. "ಒಯ್ದು ಒಣಗಿಸಿ."

ಒಣ ಕಾಲುವೆಗೆ ಬರುವ ನೀರು, ಮೊದಲ ಗುಡುಗು ಮುಗಿದ ಮೇಲೆ, ಓಡುವುದಿಲ್ಲ, ನಡೆಯುತ್ತದೆ. ಮುಂದೆ ನೊರೆ, ಒಣಗಿದ ಜಾಲಿ ಎಲೆ, ಒಂದು ಹರಿದ ಚಪ್ಪಲಿ. ಜನ ಅದರ ಜೊತೆ ಜೊತೆಗೇ ಏರಿಯ ಮೇಲೆ ನಡೆದರು. ಹನ್ನೊಂದಕ್ಕೆ ನರಸಣ್ಣನ ಹೊಲದ ತೂಬಿಗೆ ಮುಟ್ಟಿತು. ಹೊಲದ ಬಿರುಕುಗಳು ಗುಳುಗುಳು ಅಂದವು. ಇಸ್ಮಾಯಿಲ್‌ಸಾಬ್ ಕೆಸರು ಮಾಡಿದ. ಮೂರು ಗಂಟೆಗೆ ಗದ್ದೆಮ್ಮ ಸೀರೆ ಎತ್ತಿ ಕಟ್ಟಿ ಇಳಿದು, "ಸೋಮವಾರ ಅಂದಿದ್ದಿ, ಸೋಮವಾರನ ಆತು ನೋಡಪ. ನಾಳೆ ಯಮನೂರಂದು," ಅಂದು ಮೊದಲ ಸಸಿ ಊರಿದಳು.

ಸಂಜೆ ನಾಟಿ ಇನ್ನೂ ನಡೆದಿರುವಾಗ ನರಸಣ್ಣ ಬದುವಿನ ಮೇಲೆ ಕೂತ. ಬಲಗಾಲು ನಿಂತಿತ್ತು. ಯಾವಾಗ ನಿಂತಿತೋ ಅವನಿಗೂ ಗೊತ್ತಿರಲಿಲ್ಲ. ಅಮರೇಶ್ವರಿ ಬಂದು ಪಕ್ಕದಲ್ಲಿ ನಿಂತಳು.

"ದೇವ್ರು ನೋಡ್ಕೊಂಡ," ಅಂದ ಅವನು, ಮೆಲ್ಲಗೆ.

"ನೋಡ್ಕೊಂಡ," ಅಂದಳು ಅವಳು. "ನೀರು ತಂದ, ನನ್ನ ಗಾದಿನೂ ತಂದ. ಅವನ ಡ್ಯೂಟಿ ಮುಗೀತು. ಹಿಂಡೋದು ಯಾರ ಡ್ಯೂಟಿ?"

ನರಸಣ್ಣ ಎದ್ದ. ಗಾದಿಯ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಇಸ್ಮಾಯಿಲ್‌ಸಾಬ್. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ತಿರುವಿದರು. ಐದು ತಿಂಗಳು ತಡೆದಿಟ್ಟುಕೊಂಡಿದ್ದ ನೀರನ್ನೆಲ್ಲ ಗಿಳಿಗಳು ಬಿಟ್ಟುಕೊಟ್ಟವು. ಅದು ಬದು ಇಳಿದು, ಸಣ್ಣ ಕಾಲುವೆಯಾಗಿ ಹರಿದು, ಹೊಲದ ಕಟ್ಟಕಡೆಯ ಮೂಲೆಯಲ್ಲಿ ಇನ್ನೂ ಒಣಗಿ ಉಳಿದಿದ್ದ ನಾಲ್ಕು ಮೊಳ ನೆಲಕ್ಕೆ ಹೋಗಿ ಸೇರಿತು.